ಪಾಸ್‌ಪೋರ್ಟ್ ಇಲ್ಲದ ಮಕ್ಕಳ ಪರವಾಗಿ: ಯುವ ವಿನಿಮಯದ ಆಯ್ಕೆ ಸಮಿತಿಗಳಿಗೆ ಬಹಿರಂಗ ಪತ್ರ

ವಿದೇಶಕ್ಕೆ ಹೋಗುವ ಯುವ ತಂಡಗಳಿಗೆ ಕರ್ನಾಟಕದಿಂದ ವಿದ್ಯಾರ್ಥಿಗಳನ್ನು ಆರಿಸುವ ಎಲ್ಲ ಅಧಿಕಾರಿಗಳಿಗೆ, ಸಂಘ ಸಂಸ್ಥೆಗಳ ಪದಾಧಿಕಾರಿಗಳಿಗೆ ಮತ್ತು ಆಯ್ಕೆ ಸಮಿತಿಯ ಸದಸ್ಯರಿಗೆ,

ಮಾನ್ಯರೇ,

ನಾನು ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕದ ಹೊಣೆಯೂ ನನ್ನ ಮೇಲಿದೆ. ಹೊರದೇಶಕ್ಕೆ ಹೋಗುವ ಯುವ ನಿಯೋಗಕ್ಕೆ ‘ಅತ್ಯುತ್ತಮ ಸ್ವಯಂಸೇವಕರ’ ಹೆಸರು ಕಳಿಸಿ ಎಂದು ನಮಗೆ ಆಗಾಗ ಸುತ್ತೋಲೆ ಬರುತ್ತದೆ. ನಾನು ಹೆಸರು ಕಳಿಸುತ್ತಲೇ ಇದ್ದೇನೆ. ಇದುವರೆಗೆ ನಮ್ಮ ಕಾಲೇಜಿನಿಂದ ಒಬ್ಬರೂ ವಿಮಾನ ಹತ್ತಿಲ್ಲ. ಅಕ್ಕಪಕ್ಕದ ತಾಲ್ಲೂಕಿನ ಸಹೋದ್ಯೋಗಿಗಳನ್ನು ಕೇಳಿದರೆ ಅವರದ್ದೂ ಇದೇ ಕಥೆ.

ಇದರಲ್ಲಿ ಲಂಚ, ವಶೀಲಿ ಇದೆ ಎಂದು ದೂರಲು ನಾನು ಬರೆಯುತ್ತಿಲ್ಲ. ಅಂಥದ್ದನ್ನು ನಾನು ಕಂಡಿಲ್ಲ. ಕಾಗದದ ಮೇಲೆ ನಿಮ್ಮ ಒಂದೊಂದು ನಿಯಮವೂ ಸರಿಯಾಗಿಯೇ ಇದೆ. ಆದರೆ ಎಲ್ಲವನ್ನೂ ಒಟ್ಟಿಗೆ ಪಾಲಿಸಲು ಹೊರಟರೆ ಹಳ್ಳಿಯಿಂದ ಬಂದ ಮಗು ಮೊದಲ ವಾರದಲ್ಲೇ ಪಟ್ಟಿಯಿಂದ ಬಿದ್ದುಹೋಗುತ್ತದೆ. ಅದು ಹೇಗೆ ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ಏಕೆಂದರೆ ಬಿದ್ದುಹೋದವರು ನಿಮ್ಮ ಮುಂದೆ ಬಂದು ಕೂರುವುದೇ ಇಲ್ಲ.

ಮೊದಲು ಸುತ್ತೋಲೆಯ ವಿಷಯ ಹೇಳಿಬಿಡುತ್ತೇನೆ. ಅದು ದೆಹಲಿಯಿಂದ ಹೊರಟು, ಬೆಂಗಳೂರಿಗೆ ಬಂದು, ವಿಶ್ವವಿದ್ಯಾಲಯಕ್ಕೆ ಹೋಗಿ, ಅಲ್ಲಿಂದ ವಾಟ್ಸ್ಆಪ್ ಗುಂಪಿಗೆ ಬೀಳುತ್ತದೆ. ನಡುವೆ ಒಬ್ಬೊಬ್ಬರ ಮೇಜಿನ ಮೇಲೂ ಒಂದಷ್ಟು ದಿನ ಮಲಗಿರುತ್ತದೆ. ನಮ್ಮ ಫೋನಿಗೆ ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ, ಕೊನೆಯ ದಿನಾಂಕ ನಾಳೆ ಇರುತ್ತದೆ. ಕೆಳಗೆ ಒಂದು ಸಾಲು: ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಕಡ್ಡಾಯ. ಒಂದು ರಾತ್ರಿಯಲ್ಲಿ ಯಾರ ಬಳಿ ಪಾಸ್‌ಪೋರ್ಟ್ ಇರುತ್ತದೆ ಹೇಳಿ? ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಕೇಳಿದರೆ ಅರ್ಧ ಕ್ಲಾಸು ಕೈ ಎತ್ತಬಹುದು. ನಮ್ಮಲ್ಲಿ ಕೇಳಿದಾಗ ಒಬ್ಬ ಹುಡುಗ ಎದ್ದುನಿಂತು, “ಸರ, ಪಾನ್ ಕಾರ್ಡ್ ನಡೀತದೇನ್ರಿ?” ಅಂದ.

ಸರಿ, ಮುಂದಿನ ಸಲಕ್ಕಾದರೂ ಇರಲಿ ಅಂತ ಪಾಸ್‌ಪೋರ್ಟ್ ಮಾಡಿಸಲು ಹೊರಟೆವು. ಅರ್ಜಿಗೆ 1,500 ರೂಪಾಯಿ. ತತ್ಕಾಲ್ ಬೇಕೆಂದರೆ ಇನ್ನೂ 2,000. ಒಟ್ಟು 3,500. ನಮ್ಮ ಮಕ್ಕಳ ಮನೆಯವರಿಗೆ ಇದು ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ, 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು ಎಂಬುದನ್ನು ನೆನಪಿಸಿಕೊಳ್ಳಿ. ಹೆಚ್ಚುಕಡಿಮೆ ಹತ್ತು ದಿನದ ಕೂಲಿ. ಅಷ್ಟು ಕೊಟ್ಟು ತೆಗೆದುಕೊಳ್ಳುವುದು, ಹೋಗುತ್ತೇವೋ ಇಲ್ಲವೋ ಗೊತ್ತಿಲ್ಲದ ಒಂದು ಪ್ರವಾಸದ ಕಾಗದ.

ಹಣ ಹೇಗೋ ಹೊಂದಿಸಿದೆವು ಅನ್ನಿ. ಆಮೇಲೆ ಹೆಸರಿನ ಗೋಳು. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಒಂದು ಇನಿಷಿಯಲ್ ಇರುತ್ತದೆ. ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು ಹಿಂದೆ ಬಂದಿರುತ್ತದೆ. ರೇಷನ್ ಕಾರ್ಡ್‌ನಲ್ಲಿ ಮನೆತನದ ಹೆಸರು. ಮೂರೂ ಒಬ್ಬಳೇ ಹುಡುಗಿ, ಆದರೆ ಕಂಪ್ಯೂಟರಿಗೆ ಮೂವರು. ಅದನ್ನು ಸರಿಮಾಡಿಸಲು ಅಫಿಡವಿಟ್, ನೋಟರಿ, ಸೈಬರ್ ಸೆಂಟರ್. ಅದೂ ಮುಗಿದ ಮೇಲೆ ಪೊಲೀಸ್ ವೆರಿಫಿಕೇಶನ್. ನನ್ನ ಒಬ್ಬ ವಿದ್ಯಾರ್ಥಿನಿಯ ಅರ್ಜಿ ಇಲ್ಲಿಗೆ ಬಂದು ನಿಂತಿತು. ಮನೆಗೆ ಬಂದವರಿಗೆ ಕಂಡದ್ದು ಬೀಗ. ಮಳೆ ಕೈಕೊಟ್ಟಿತ್ತು, ಅಪ್ಪ ಅಮ್ಮ ಗುಳೆ ಹೋಗಿದ್ದರು. ಹುಡುಗಿ ಹಾಸ್ಟೆಲ್‌ನಲ್ಲಿದ್ದಳು. “ವಿಳಾಸದಲ್ಲಿ ವಾಸವಿಲ್ಲ” ಎಂದು ವರದಿ ಹೋಯಿತು. ಬರೆದವರು ಸುಳ್ಳನ್ನೇನೂ ಬರೆಯಲಿಲ್ಲ. ಆದರೆ ನಮ್ಮ ಕಡೆ ವರ್ಷದಲ್ಲಿ ಇಷ್ಟು ತಿಂಗಳು ಬೀಗ ಹಾಕಿರುವ ಮನೆಗಳು ಊರು ತುಂಬಾ ಇರುತ್ತವೆ ಎಂಬುದು ಅರ್ಜಿಯ ಯಾವ ಕಾಲಂನಲ್ಲೂ ಇಲ್ಲ, ಅಲ್ವಾ?

ಆ ಹುಡುಗಿಯ ಬಗ್ಗೆ ಇನ್ನೊಂದಿಷ್ಟು ಹೇಳಬೇಕು. ಹೆಸರು ಬೇಡ. ಎನ್‌ಎಸ್‌ಎಸ್‌ನಲ್ಲಿ ಒಬ್ಬ ಸ್ವಯಂಸೇವಕ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಕೆಲಸ ಮಾಡಬೇಕು, ಒಂದು ಏಳು ದಿನದ ವಿಶೇಷ ಶಿಬಿರಕ್ಕೂ ಬರಬೇಕು ಎಂಬುದು ನಿಮಗೆ ಗೊತ್ತೇ ಇದೆ. ನಮ್ಮ ಶಿಬಿರ ನಡೆದ ಊರಿನಲ್ಲಿ ಹೆಂಗಸರಿಗೆ ರಕ್ತ ಪರೀಕ್ಷೆಯ ಏರ್ಪಾಡು ಮಾಡಿದ್ದೆವು. ಬೆಳಿಗ್ಗೆ ಹತ್ತಕ್ಕೆ ಶಾಮಿಯಾನ ಹಾಕಿ, ಮೈಕು ಕಟ್ಟಿ ಕೂತರೆ ಒಬ್ಬರೂ ಬರಲಿಲ್ಲ. ನಾವು ಮೇಷ್ಟ್ರುಗಳು ‘ಜನರಿಗೆ ಅರಿವು ಕಡಿಮೆ’ ಎಂದು ಮಾತಾಡಿಕೊಂಡು ಚಹಾ ಕುಡಿಯುತ್ತಿದ್ದೆವು. ಇವಳು ಎದ್ದು ಊರೊಳಗೆ ಹೋದಳು. ಹೊಲಕ್ಕೆ ಹೊರಟಿದ್ದ ಹೆಂಗಸರ ಜೊತೆ ಅರ್ಧ ದಾರಿ ನಡೆದುಹೋಗಿ ವಾಪಸ್ ಬಂದು, “ಸರ, ಅವರು ಮೆಣಸಿನಕಾಯಿ ಬಿಡಿಸಾಕ ಹೊಂಟಾರ್ರಿ. ರಾತ್ರಿ ಎಂಟಕ್ಕ ಇಟ್ರ ಬರ್ತಾರಂತ. ಗಂಡಸರು ಇರಬಾರದಂತ” ಅಂದಳು. ಲ್ಯಾಬಿನವರನ್ನು ಒಪ್ಪಿಸಿದ್ದೂ ಅವಳೇ. ಅಂಗನವಾಡಿ ಕೋಣೆಯಲ್ಲಿ ರಾತ್ರಿ ಸಾಲು ಹೊರಗಿನವರೆಗೂ ಬಂದಿತ್ತು. ನಾಯಕತ್ವದ ಬಗ್ಗೆ ನಾನು ಎಷ್ಟೋ ಕಾರ್ಯಾಗಾರ ಕೂತು ಕೇಳಿದ್ದೇನೆ. ಅಲ್ಲಿ ಇಷ್ಟು ಚೆನ್ನಾಗಿ ಯಾರೂ ಹೇಳಿಕೊಡಲಿಲ್ಲ.

ಪಾಸ್‌ಪೋರ್ಟ್‌ಗಿಂತ ಮೊದಲೇ ಇವಳು ಒಂದು ಆಯ್ಕೆ ಸಮಿತಿಯ ಮುಂದೆ ಹೋಗಿದ್ದಳು. ಜೊತೆಗೆ ಬಂದವರೂ ಬಾಗಿಲ ಬಳಿ ಕೂರಬಹುದಾಗಿತ್ತು, ಹಾಗಾಗಿ ಕಿವಿಯಾರೆ ಕೇಳಿದ್ದನ್ನೇ ಬರೆಯುತ್ತಿದ್ದೇನೆ. ಇಂಗ್ಲಿಷ್‌ನಲ್ಲಿ ನಿನ್ನ ಪರಿಚಯ ಹೇಳು ಅಂದರು. ಹೇಳಿದಳು, ತಡವರಿಸುತ್ತಾ. ನಿನ್ನ ಹವ್ಯಾಸ ಏನು ಅಂದರು. ಅವಳಿಗೆ ಏನು ಹೇಳಬೇಕೋ ತೋಚಲಿಲ್ಲ. ಹಾಸ್ಟೆಲ್‌ನಿಂದ ರಜೆಗೆ ಮನೆಗೆ ಹೋದರೆ ನೀರು ತರುವುದು, ಎಮ್ಮೆ ನೋಡುವುದು. ಅದನ್ನು ಹವ್ಯಾಸ ಅನ್ನಲಾದೀತೇ? ಹಾಡಲು ಬಂದರೆ ಹಾಡು ಅಂದರು. ಒಂದು ತತ್ವಪದ ಹಾಡಿದಳು, ಚೆನ್ನಾಗಿಯೇ ಹಾಡಿದಳು. ಶಿಬಿರದಲ್ಲಿ ಏನು ಮಾಡಿದೆ ಅಂತ ಒಬ್ಬರೂ ಕೇಳಲಿಲ್ಲ. ಹೊರಗೆ ಬಂದ ಮೇಲೆ ಸಮಿತಿಯವರೊಬ್ಬರು ನನ್ನನ್ನು ಕರೆದು, ಪ್ರೀತಿಯಿಂದಲೇ ಹೇಳಿದರು: “ಹುಡುಗಿ ಒಳ್ಳೆಯವಳು ಸರ್, ಪರ್ಸನಾಲಿಟಿ ಸ್ವಲ್ಪ ಸಾಲದು.” ಆಯ್ಕೆಯಾದವರಿಗೆ ಬ್ಲೇಜರ್ ಹೊಲಿಸಿಕೊಳ್ಳಲು ಸೂಚನೆ ಕೊಡುತ್ತಿದ್ದರು. ಬಸ್ಸಿನಲ್ಲಿ ಇವಳು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಆ ಕೋಟು ಬಾಡಿಗಿಗೆ ಸಿಗ್ತದೇನ್ರಿ ಸರ?”

ಮಾನ್ಯರೇ, ಈ ವಿನಿಮಯ ಕಾರ್ಯಕ್ರಮಗಳು ಯಾಕೆ ಹುಟ್ಟಿದವು ಅಂತ ಒಮ್ಮೆ ಹಿಂದೆ ತಿರುಗಿ ನೋಡಬೇಕು ಎನ್ನುವುದು ಇತಿಹಾಸ ಮೇಷ್ಟ್ರಾದ ನನ್ನ ಚಟ. ಶಾಲಾ ಮಕ್ಕಳ ವಿನಿಮಯ ನಡೆಸುವ ಎಎಫ್ಎಸ್ ಎಂಬ ಸಂಸ್ಥೆಯನ್ನು ನೀವೆಲ್ಲ ಬಲ್ಲಿರಿ. ಅದರ ವಿನಿಮಯವನ್ನು ಶುರುಮಾಡಿದವರು ರಾಯಭಾರಿಗಳಲ್ಲ. ಎರಡು ಮಹಾಯುದ್ಧಗಳಲ್ಲಿ ಗಾಯಾಳುಗಳನ್ನು ಸಾಗಿಸಿದ ಅಮೆರಿಕದ ಸ್ವಯಂಸೇವಕ ಆಂಬುಲೆನ್ಸ್ ಡ್ರೈವರ್‌ಗಳು. ಅಷ್ಟು ಸಾವು ಕಂಡವರು 1947ರಲ್ಲಿ ಹೊರದೇಶದ ಶಾಲಾ ಮಕ್ಕಳನ್ನು ತಮ್ಮ ದೇಶದ ಮನೆಗಳಿಗೆ ಕರೆಸಿಕೊಳ್ಳಲು ಶುರುಮಾಡಿದರು. ಇನ್ನು ಫ್ರಾನ್ಸ್ ಮತ್ತು ಜರ್ಮನಿ. 1870ರಿಂದ 1945ರೊಳಗೆ ಮೂರು ಸಲ ಬಡಿದಾಡಿಕೊಂಡ ದೇಶಗಳು. 1963ರ ಜನವರಿಯಲ್ಲಿ ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಮತ್ತು ಪಶ್ಚಿಮ ಜರ್ಮನಿಯ ಚಾನ್ಸಲರ್ ಅಡೆನಾವರ್ ಎಲಿಸೀ ಎಂಬ ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ವರ್ಷ ಎರಡೂ ದೇಶಗಳ ಯುವಜನರಿಗಾಗಿ ಒಂದು ಜಂಟಿ ಕಚೇರಿ ತೆರೆದರು. ಅಲ್ಲಿಂದ ಇಲ್ಲಿವರೆಗೆ 90 ಲಕ್ಷಕ್ಕೂ ಹೆಚ್ಚು ಯುವಜನ ಅದರ ಮೂಲಕ ಆಚೀಚೆ ಹೋಗಿಬಂದಿದ್ದಾರೆ. ಅವರೆಲ್ಲ ಟೈ ಕಟ್ಟಿದ ಟಾಪರ್‌ಗಳಲ್ಲ. ಬಡಗಿ ಕೆಲಸ, ಬೇಕರಿ ಕೆಲಸ ಕಲಿಯುವವರೂ ಇದ್ದಾರೆ, ಕೆಲಸವಿಲ್ಲದೆ ಕೂತವರೂ ಇದ್ದಾರೆ. ಅಷ್ಟು ಜನ ಸಾಮಾನ್ಯರು ಓಡಾಡಿದ್ದಕ್ಕೇ ಅದಕ್ಕೊಂದು ತೂಕ ಬಂತು ಎಂದು ನಾನು ನಂಬುತ್ತೇನೆ. ಬರೀ ಶ್ರೀಮಂತರ ಮಕ್ಕಳು ಶ್ರೀಮಂತರ ಮಕ್ಕಳನ್ನು ಭೇಟಿಯಾಗಲು ಒಪ್ಪಂದ ಯಾಕೆ ಬೇಕು? ಅವರು ಹೇಗೂ ರಜೆಗೆ ಹೋಗಿ ಭೇಟಿಯಾಗುತ್ತಾರೆ.

ಭಾಷೆಯ ವಿಷಯಕ್ಕೂ ಫ್ರಾನ್ಸ್, ಜರ್ಮನಿಯವರಿಂದ ಒಂದು ಪಾಠ ಇದೆ. ಆ ಜಂಟಿ ಕಚೇರಿಯ ಶಿಬಿರಗಳಲ್ಲಿ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲೇಬೇಕು ಎಂಬ ಷರತ್ತಿಲ್ಲ. ಆಟ ಆಡಿಸುತ್ತಾ ನಾಲ್ಕು ಮಾತು ಕಲಿಸುವ ತರಬೇತಾದ ಜನ ಅಲ್ಲಿರುತ್ತಾರೆ. ನಮಗೇನು ಇದು ಹೊಸದೇ? 2023ರ ಜನವರಿಯಲ್ಲಿ ಹುಬ್ಬಳ್ಳಿಯಲ್ಲಿ ರಾಷ್ಟ್ರೀಯ ಯುವಜನೋತ್ಸವ ನಡೆದಾಗ ನಮ್ಮ ಕೆಲವು ಹುಡುಗರು ನೋಡಲು ಹೋಗಿದ್ದರು. ಈಶಾನ್ಯದಿಂದ ಬಂದ ತಂಡದವರ ಜೊತೆ ಅರ್ಧಂಬರ್ಧ ಹಿಂದಿ, ಉಳಿದದ್ದು ಕೈಸನ್ನೆ. ಅಷ್ಟರಲ್ಲೇ ಗೆಳೆತನ ಆಯಿತು, ಇನ್‌ಸ್ಟಾಗ್ರಾಂನಲ್ಲಿ ಈಗಲೂ ಮಾತಾಡುತ್ತಾರೆ. ‘ಅಲ್ಲಿ ಬಿದಿರಿನ ಕಳಲೆ ತಿಂತಾರಂತ್ರಿ, ನಮ್ಮ ಮಲೆನಾಡಿನವರಂಗೇ’ ಎಂದು ಒಬ್ಬ ಕ್ಲಾಸಿನಲ್ಲಿ ವರದಿ ಒಪ್ಪಿಸಿದ. ಇಂಗ್ಲಿಷ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ವಿಮಾನ ನಿಲ್ದಾಣದಲ್ಲಿ ದಾರಿ ಕೇಳುವಷ್ಟು, ಮೈ ಸರಿಯಿಲ್ಲ ಅನ್ನುವಷ್ಟು ಬೇಕೇ ಬೇಕು. ಅದನ್ನು ಆಯ್ಕೆಯಾದ ಮೇಲೆ ಎರಡು ತಿಂಗಳು ಕೂಡಿಸಿ ಕಲಿಸಬಹುದು. ಅದನ್ನೇ ಆಯ್ಕೆಯ ಜರಡಿ ಮಾಡಿಕೊಂಡರೆ ಹತ್ತು ನಿಮಿಷದಲ್ಲಿ ನೀವು ಅಳೆಯುವುದು ಆ ಮಗು ಓದಿದ ಶಾಲೆಯ ಫೀಸನ್ನು ಮಾತ್ರ.

ಕ್ಲಬ್ಬುಗಳ ಮೂಲಕ ನಡೆಯುವ ವಿನಿಮಯದ ಕಷ್ಟ ಬೇರೆ ಥರ. ರೋಟರಿಯವರ ಯೋಜನೆ 15ರಿಂದ 19 ವರ್ಷದ ಮಕ್ಕಳಿಗೆ, ಶಾಲೆಯ ಒಂದು ಇಡೀ ವರ್ಷ ಅಲ್ಲಿನ ಕುಟುಂಬಗಳಲ್ಲೇ ಇದ್ದು ಓದುವ ಅವಕಾಶ. ಊಟ, ವಸತಿ ಆತಿಥೇಯ ಕುಟುಂಬ ನೋಡಿಕೊಳ್ಳುತ್ತದೆ. ವಿಮಾನದ ಟಿಕೆಟ್, ವಿಮೆ, ಕೈಖರ್ಚು ಮಗುವಿನ ಮನೆಯವರದ್ದು. ನನಗೆ ಗೊತ್ತಿರುವಂತೆ ಇಷ್ಟು ಒಳ್ಳೆಯ ಏರ್ಪಾಡು ಇನ್ನೊಂದಿಲ್ಲ, ಯಾಕೆಂದರೆ ಒಂದು ಊರು ಅರ್ಥವಾಗುವುದು ಅಲ್ಲಿನ ಅಡುಗೆಮನೆಯಲ್ಲಿ. ಆದರೆ ಇದನ್ನು ಪಿಯುಸಿ ಓದುವ ಒಬ್ಬ ಹುಡುಗನ ತಂದೆಗೆ ವಿವರಿಸಿದಾಗ ಅವರು ಟಿಕೆಟ್ಟಿನ ಮಾತೇ ಎತ್ತಲಿಲ್ಲ. “ಅವರು ನಮ್ಮ ಹುಡುಗನ್ನ ಇಟ್ಕೊಂಡ್ರ, ನಾವೂ ಅವರ ಹುಡುಗನ್ನ ಇಟ್ಕೋಬೇಕಲ್ರಿ? ನಮ್ಮ ಮನ್ಯಾಗ ಎಲ್ಲಿ ಮಲಗಸೂದು?” ಅಂದರು. ಮರ್ಯಾದಸ್ಥರ ಪ್ರಶ್ನೆ ಅದು. ಉತ್ತರ ಹುಡುಕಬೇಕಾದದ್ದು ಅವರಲ್ಲ, ನಾವು. ಊರಿನ ಮೇಷ್ಟ್ರ ಮನೆ, ಡಾಕ್ಟರ ಮನೆ, ಪಂಚಾಯಿತಿ ಸದಸ್ಯರ ಮನೆ ಸೇರಿ ಆ ಪಾಲನ್ನು ಹೊತ್ತುಕೊಳ್ಳಬಹುದಲ್ವಾ?

ಕಾಗದಗಳ ಬಗ್ಗೆ ಒಂದು ಮಾತು. ಪೋಷಕರು ಸಹಿ ಹಾಕುವ ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷ್‌ನಲ್ಲಿರುತ್ತದೆ. ಒಂದು ಸಲ ಅದನ್ನು ನಾನೇ ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ‘ಪ್ರವಾಸದಲ್ಲಿ ಏನಾದರೂ ಆದರೆ ಸಂಘಟಕರು ಹೊಣೆಯಲ್ಲ’ ಎಂಬಲ್ಲಿಗೆ ಬಂದೆ. ತಾಯಿ ತಲೆ ಎತ್ತಿ, “ಏನಾದರೂ ಅಂದ್ರ ಏನ್ರಿ?” ಅಂದರು. ನಾನು ಸುಮ್ಮನಾದೆ. ಪೆನ್ನು ಹಿಡಿದಿದ್ದ ಕೈ ಹಾಗೇ ನಿಂತಿತ್ತು. ಮಗಳನ್ನು ಯಾರ ಜೊತೆ ಕಳಿಸುತ್ತೀರಿ, ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು, ರಾತ್ರಿ ಎಲ್ಲಿ ಮಲಗುತ್ತಾಳೆ — ಈ ಮೂರು ಪ್ರಶ್ನೆಗೆ ಆ ಹಾಳೆಯಲ್ಲಿ ಉತ್ತರವಿರಲಿಲ್ಲ. ಹೊಣೆ ನಮ್ಮದಲ್ಲ ಎಂಬುದು ಮಾತ್ರ ದಪ್ಪಕ್ಷರದಲ್ಲಿತ್ತು.

ಇನ್ನು ಹೊರಗಿನವರು ನಮ್ಮಲ್ಲಿಗೆ ಬಂದಾಗ ಏನಾಗುತ್ತದೆ ಅಂತಲೂ ನೋಡಿದ್ದೇನೆ. ಯುರೋಪಿನ ಕಡೆಯ ಒಂದು ಯುವ ತಂಡ ಹಂಪಿ ನೋಡಿಕೊಂಡು ಹೋಗುವ ದಾರಿಯಲ್ಲಿ ನಮ್ಮ ಕಾಲೇಜಿಗೆ ಬಂದಿತ್ತು. ಎಲ್ಲರಿಗೂ ಪೇಟ, ಶಾಲು, ಗಂಧದ ಹಾರ. ಆಮೇಲೆ ಸ್ವಾಗತ ಭಾಷಣ, ಪ್ರಾಸ್ತಾವಿಕ, ಉದ್ಘಾಟನೆ, ಅಧ್ಯಕ್ಷರ ನುಡಿ, ವಂದನಾರ್ಪಣೆ. ಬಿಸಿಲಿಗೆ ಆ ಮಕ್ಕಳ ಮುಖ ಕೆಂಪಾಗಿತ್ತು, ಪೇಟ ಕಿವಿಯವರೆಗೆ ಇಳಿದಿತ್ತು. ನಮ್ಮ ಮಕ್ಕಳು ಕೋಲಾಟ ಆಡಿ ಕೆಳಗೆ ಕೂತರು. ಎರಡು ಕಡೆಯವರೂ ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ. ಅದೃಷ್ಟಕ್ಕೆ ಊಟ ತಡವಾಯಿತು. ಅಡುಗೆಯವರು ಹೊರಗೆ ಒಲೆ ಹಾಕಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ಒಬ್ಬ ಹುಡುಗಿ ಹೋಗಿ ಪಕ್ಕದಲ್ಲಿ ಕೂತು ತಾನೂ ಬಡಿಯಲು ನೋಡಿದಳು. ಹಿಟ್ಟು ಹರಿದು ಭೂಪಟದಂತಾಯಿತು. ನಮ್ಮ ಹುಡುಗಿಯರು ನಕ್ಕರು, ಅವಳೂ ನಕ್ಕಳು. ಅಲ್ಲಿಂದ ಶುರುವಾಯಿತು ನೋಡಿ ಮಾತು. ಜೋಳ ಕಟಾವಿಗೆ ದಿನಕ್ಕೆ ಎಷ್ಟು ಕೊಡುತ್ತಾರೆ, ಗಂಡಸರಿಗೆ ಎಷ್ಟು, ಹೆಂಗಸರಿಗೆ ಎಷ್ಟು ಅಂತ ಅವಳು ಕೇಳಿದಳು. ನಮ್ಮವರು ಹೇಳಿದರು. ನಿಮ್ಮಲ್ಲಿ ಸಮ ಕೊಡುತ್ತಾರಾ ಅಂತ ಇವರು ಕೇಳಿದರು. ಎಲ್ಲ ಕಡೆ ಇಲ್ಲ ಅಂದಳು. ಇವರಿಗೆ ಆಶ್ಚರ್ಯ. ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು, ಕಾರ್ಯಕ್ರಮದ ಪಟ್ಟಿಯಲ್ಲಿ ಮುಂದೆ ಇನ್ನೊಂದು ಸನ್ಮಾನವಿತ್ತು.

ಹೋಗಿಬಂದ ಮಕ್ಕಳನ್ನೂ ನಾವು ಸರಿಯಾಗಿ ಬಳಸಿಕೊಳ್ಳುತ್ತಿಲ್ಲ. ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಶಾಲು ಬೀಳುತ್ತದೆ, ಸರ್ಟಿಫಿಕೇಟು ಬಯೋಡೇಟಾಕ್ಕೆ ಸೇರುತ್ತದೆ. ಅಲ್ಲಿಗೆ ಮುಗಿಯಿತು.

ಈಗ ನನ್ನ ಬೇಡಿಕೆಗಳು. ಇವಕ್ಕೆ ಜಾಸ್ತಿ ದುಡ್ಡೇನೂ ಬೇಕಿಲ್ಲ, ಸ್ವಲ್ಪ ಮುಂಚೆ ಯೋಚಿಸಿದರೆ ಸಾಕು.

ಪಾಸ್‌ಪೋರ್ಟನ್ನು ಅರ್ಜಿ ಹಾಕುವಾಗ ಕೇಳಬೇಡಿ. ಆಯ್ಕೆ ಮಾಡಿ, ಆಮೇಲೆ ಮಾಡಿಸಲು ಸಮಯ ಕೊಡಿ, ಶುಲ್ಕವನ್ನೂ ನೀವೇ ಕೊಡಿ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವೆ ಕೊಡುವ ಏರ್ಪಾಡು 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ಶುರುವಾದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ದೇಶದ ಕೆಲವು ಕಡೆ ಪಾಸ್‌ಪೋರ್ಟ್ ವ್ಯಾನ್‌ಗಳೂ ಓಡಾಡುತ್ತಿವೆ. ವರ್ಷಕ್ಕೊಮ್ಮೆ ಒಂದು ವ್ಯಾನನ್ನು ಜಿಲ್ಲೆಯ ಸರ್ಕಾರಿ ಕಾಲೇಜುಗಳಿಗೆ ತರಿಸಲು ವಿನಂತಿಸಿ. ಹೆಸರಿನ ತಿದ್ದುಪಡಿಗೆ ಅಲ್ಲೇ ಒಂದು ಟೇಬಲ್ ಹಾಕಿಸಿ. ಗುಳೆ ಹೋದ ಮನೆಯ ಮಕ್ಕಳಿಗೆ ಹಾಸ್ಟೆಲ್ ವಿಳಾಸದಲ್ಲೇ ವೆರಿಫಿಕೇಶನ್ ಆಗುವಂತೆ, ವಾರ್ಡನ್ ಕೊಡುವ ಪತ್ರವನ್ನು ಒಪ್ಪುವಂತೆ ಪೊಲೀಸ್ ಇಲಾಖೆಯ ಜೊತೆ ಮಾತಾಡಿ.

ಆಯ್ಕೆಯನ್ನು ಹತ್ತು ನಿಮಿಷದ ಸಂದರ್ಶನದಿಂದ ಬಿಡಿಸಿ. ಏಳು ದಿನದ ಶಿಬಿರ ಹೇಗೂ ನಡೆಯುತ್ತದೆ. ಹೇಳದೆ ಕೇಳದೆ ಒಂದು ದಿನ ಬಂದು ನೋಡಿ. ಬೆಳಗಿನ ಜಾವ ಯಾರು ಮೊದಲು ಎದ್ದು ನೀರು ತುಂಬಿಸುತ್ತಾರೆ, ಜಗಳ ಆದರೆ ಯಾರು ನಡುವೆ ಹೋಗುತ್ತಾರೆ, ಊರಿನವರು ಯಾರ ಹೆಸರು ಹಿಡಿದು ಕರೆಯುತ್ತಾರೆ, ಅಷ್ಟು ನೋಡಿದರೆ ಸಾಕು. ಸಂದರ್ಶನ ಬೇಕೇ ಬೇಕಾದರೆ ಕನ್ನಡದಲ್ಲಿ ಮಾಡಿ. ಬ್ಲೇಜರ್ ನೀವೇ ಕೊಡಿ, ಇಲ್ಲವೇ ಬಿಟ್ಟುಬಿಡಿ. ಇಳಕಲ್ ಸೀರೆ ಉಟ್ಟವಳನ್ನು ಯಾವ ದೇಶವೂ ವಾಪಸ್ ಕಳಿಸಿದ್ದಿಲ್ಲ.

ರಾಜ್ಯ ಸರ್ಕಾರದವರಿಗೆ ಒಂದು ಮಾತು. ನೆರೆಯ ತಮಿಳುನಾಡು ತನ್ನ ಸರ್ಕಾರಿ ಶಾಲೆಯ ಮಕ್ಕಳನ್ನು ಸರ್ಕಾರದ ಖರ್ಚಿನಲ್ಲೇ ವಿದೇಶ ಪ್ರವಾಸಕ್ಕೆ ಕಳಿಸಿದೆ. ಜಪಾನ್ ತನ್ನ ಸಕುರಾ ವಿಜ್ಞಾನ ಕಾರ್ಯಕ್ರಮಕ್ಕೆ ನಮ್ಮ ದೇಶದ ಶಾಲಾ ಮಕ್ಕಳನ್ನು 2016ರಿಂದ ಕರೆಸಿಕೊಳ್ಳುತ್ತಿದೆ. ಯುರೋಪಿನ ವಿದ್ಯಾರ್ಥಿ, ಯುವ ವಿನಿಮಯದ ಯೋಜನೆಯಾದ ಎರಾಸ್ಮಸ್ ಪ್ಲಸ್‌ನಲ್ಲಿ ಅವಕಾಶ ಕಡಿಮೆ ಇರುವ ಮನೆಯ ಮಕ್ಕಳಿಗೆ ಹೆಚ್ಚುವರಿ ಹಣ ಕೊಡುವ ಪದ್ಧತಿಯೇ ಇದೆ. ನಮ್ಮ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಮಕ್ಕಳಿಗೂ, ಕಲ್ಯಾಣ ಕರ್ನಾಟಕದ ಸರ್ಕಾರಿ ಕಾಲೇಜುಗಳಿಗೂ ಇಂತಿಷ್ಟು ಸ್ಥಾನ ಎಂದು ಯಾಕೆ ಮೀಸಲಿಡಬಾರದು?

ಹೊರಗಿನ ತಂಡ ಬಂದರೆ ಭಾಷಣ ಅರ್ಧ ಗಂಟೆಗೆ ಮುಗಿಸಿ, ಎರಡು ರಾತ್ರಿಯಾದರೂ ಊರಿನ ಮನೆಗಳಲ್ಲಿ ಇರಲು ಬಿಡಿ. ನಮ್ಮ ಮಕ್ಕಳು ಅಲ್ಲಿಗೆ ಹೋದಾಗ ಅಲ್ಲಿನ ಕನ್ನಡ ಸಂಘದವರ ಫೋನ್ ನಂಬರ್ ಕೈಯಲ್ಲಿರಲಿ, ತಾಯಂದಿರಿಗೆ ಧೈರ್ಯ ಬರುತ್ತದೆ. ಆದರೆ ದಯವಿಟ್ಟು ಅವರ ಮನೆಯಲ್ಲೇ ಉಳಿಸಬೇಡಿ. ಚಿತ್ರಾನ್ನ ತಿಂದು ಬರಲು ಅಷ್ಟು ದೂರ ಹೋಗಬೇಕಿಲ್ಲ. ಹೋಗಿಬಂದವರು ತಮ್ಮ ಜಿಲ್ಲೆಯ ಮೂರು ಸರ್ಕಾರಿ ಕಾಲೇಜುಗಳಿಗೆ ಹೋಗಿ ಕನ್ನಡದಲ್ಲಿ ಮಾತಾಡಬೇಕು, ಮುಂದಿನ ವರ್ಷದ ಮಕ್ಕಳಿಗೆ ಅರ್ಜಿ ತುಂಬಲು ಸಹಾಯ ಮಾಡಬೇಕು ಎಂಬುದನ್ನು ನಿಯಮವಾಗಿ ಸೇರಿಸಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಆ ತಾಯಿಯಂಥವರು ಕೇಳುವ ಮೂರು ಪ್ರಶ್ನೆಗೆ ಉತ್ತರ ಅದರ ಮೊದಲ ಪುಟದಲ್ಲೇ ಇರಲಿ.

ಕೊನೆಯದಾಗಿ, ಕಳೆದ ಐದು ವರ್ಷಗಳಲ್ಲಿ ನೀವು ಕಳಿಸಿದವರಲ್ಲಿ ಯಾವ ಜಿಲ್ಲೆಯಿಂದ ಎಷ್ಟು ಜನ, ಅವರಲ್ಲಿ ಸರ್ಕಾರಿ ಕಾಲೇಜಿನವರು ಎಷ್ಟು, ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು ಎಷ್ಟು ಎಂಬ ಪಟ್ಟಿಯನ್ನು ಹೊರಗೆ ಹಾಕಿ. ಹೆಸರು ಬೇಡ, ಬರೀ ಲೆಕ್ಕ ಸಾಕು. ಮುಂದಿನ ಸುತ್ತೋಲೆ ಬರುವ ಮೊದಲೇ ಹಾಕಿದರೆ ಒಳ್ಳೆಯದು. ಆ ಹುಡುಗಿ ಈಗ ಅಂತಿಮ ವರ್ಷದಲ್ಲಿದ್ದಾಳೆ. ಪಾಸ್‌ಪೋರ್ಟ್‌ಗೆ ಮತ್ತೆ ಅರ್ಜಿ ಹಾಕಿದ್ದೇವೆ.

ಇಂತಿ ವಂದನೆಗಳೊಂದಿಗೆ,

ಒಬ್ಬ ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿ
ಸರ್ಕಾರಿ ಪದವಿ ಕಾಲೇಜು, ಕಲ್ಯಾಣ ಕರ್ನಾಟಕ